ಮೆಹರಾಜ ಎಳೆದ ತಂತಿ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯುವ ರೀತಿಯೇ ಬೇರೆ. ಬಸ್ಸು ಇನ್ನೂ ಒಳಗೆ ತಿರುಗುತ್ತಿರುವಾಗಲೇ ಅದರ ಜೊತೆ ಓಡಿ ಕಿಟಕಿಯೊಳಗೆ ಟವಲ್ಲೋ ಚೀಲವೋ ಎಸೆಯಬೇಕು. ಎಸೆದ ಮೇಲೆ ಆ ಸೀಟು ನಿಮ್ಮದು. ನೀವು ಚಹಾ ಕುಡಿದು, ಪೇಪರ್ ಕೊಂಡು, ನಿಧಾನ ಹತ್ತಿದರೂ ಯಾರೂ ಮುಟ್ಟುವುದಿಲ್ಲ. ಮುದ್ದೇಬಿಹಾಳದ ಸಾಲೆಗೆ ಪಾಠ ಹೇಳಲು ದಿನಾ ಓಡಾಡುತ್ತಿದ್ದ ನಾನು ಈ ವಿದ್ಯೆಯಲ್ಲಿ ಪಳಗಿದ್ದೆ. ಒಂದು ದಿನ ನಾನು ಎಸೆದ ಚೀಲ ಅದೇ ಕಿಟಕಿಯಿಂದ ವಾಪಸು ಹೊರಗೆ ಬಂತು.

ಒಳಗೆ ಒಬ್ಬ ಹುಡುಗಿ ಕೂತಿದ್ದಳು. ತಲೆಯ ಮೇಲೆ ಹಸಿರು ಓಢಣಿ, ತೊಡೆಯ ಮೇಲೆ ಕಂಪ್ಯೂಟರ್ ಡಿಪ್ಲೊಮಾದ ದಪ್ಪ ಪುಸ್ತಕ. ಚೀಲದಿಂದ ಇಣುಕುತ್ತಿದ್ದ ಉತ್ತರಪತ್ರಿಕೆಗಳನ್ನು ಬೀಳದಂತೆ ಒಳಗೆ ತುರುಕಿ, ಎರಡೂ ಕೈಯಿಂದ ಮರ್ಯಾದೆಯಾಗಿ ನನಗೆ ಕೊಟ್ಟಳು. “ಚೀಲಕ್ಕ ಯಾಕ್ರಿ ಸೀಟು, ಅಕ್ಕೋರ? ಅದು ನಿಂತೂ ಬರತೈತಿ” ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅರ್ಧ ದಾರಿಯಲ್ಲಿ ಒಬ್ಬ ಬಸುರಿ ಹೆಂಗಸು ಹತ್ತಿದಾಗ, ಯಾರೂ ಕೇಳದೆ ಆ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟು ಬಂದು ನನ್ನ ಪಕ್ಕದಲ್ಲೇ ಜೋತುಬಿದ್ದು ನಿಂತಳು. ಮುದ್ದೇಬಿಹಾಳ ಬರುವಷ್ಟರಲ್ಲಿ ನಾವಿಬ್ಬರೂ ಮಾತಾಡುತ್ತಿದ್ದೆವು.

ಅವಳೇ ಮೆಹರಾಜ. ನಾಲತವಾಡದಲ್ಲಿ ಸುಟ್ಟ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಮೋದಿನಸಾಬನ ಮಗಳು. ಬಿ.ಕಾಂ. ಮುಗಿಸಿದ್ದಳು. ಬಾಯಿ ಚುರುಕು, ತಾಳ್ಮೆ ಕಡಿಮೆ, ತನ್ನ ಜಾಣತನದ ಬಗ್ಗೆ ಸಂಕೋಚವೇನೂ ಇರಲಿಲ್ಲ. ಸುತ್ತಲಿನವರು ಅವಳನ್ನು ಗರ್ವದ ಹುಡುಗಿ ಅನ್ನುತ್ತಿದ್ದರು. ಈಗಲೂ ಅನ್ನುತ್ತಾರೆ. ಗಂಡಸು ಹೀಗಿದ್ದರೆ ಖಡಕ್ ಮನುಷ್ಯ ಎಂದು ಹೊಗಳುವ ಊರು ನಮ್ಮದು. ಅದಕ್ಕೇ ಆ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಮುದ್ದೇಬಿಹಾಳದಲ್ಲಿ ನಾವು ಕೆಲವರು ಸೇರಿ ಹೆಣ್ಣುಮಕ್ಕಳಿಗಾಗಿ ಒಂದು ಆಸರೆ ಕೇಂದ್ರ ನಡೆಸುತ್ತಿದ್ದೆವು. ಗಂಡನ ಹೊಡೆತ ತಾಳಲಾರದೆ ಬಂದವರಿಗೆ ಒಂದಿಷ್ಟು ದಿನ ಊಟ, ಚಾಪೆ, ಬಾಗಿಲಿಗೆ ಅಗಳಿ. ಆಮೇಲೆ ಬೇರೆ ಊರಿನಲ್ಲಿ ಕೆಲಸ ಹುಡುಕಿ, ಯಾರಿಗೂ ತಿಳಿಯದಂತೆ ಕಳಿಸುವುದು. ಕಮಿಟಿಯ ಅಧ್ಯಕ್ಷರು ನಿವೃತ್ತ ವಕೀಲ ಮಡಿವಾಳಪ್ಪನವರು. ಕೆಟ್ಟವರಲ್ಲ, ಆದರೆ ಊರಿನಲ್ಲಿ ಯಾರ ಮನಸ್ಸನ್ನೂ ನೋಯಿಸಲಾರದವರು. ಆಫೀಸು ನೋಡಿಕೊಳ್ಳಲು ಜನ ಬೇಕಾದಾಗ ನಾನೇ ಮೆಹರಾಜಳ ಹೆಸರು ಹೇಳಿದೆ. ಅಡುಗೆಗೆ ರೇವವ್ವ ಮೊದಲಿನಿಂದಲೂ ಇದ್ದಳು.

ಎರಡು ಸಾವಿರದ ಏಳರ ಹೊತ್ತಿಗೆ ನಮ್ಮಲ್ಲಿ ಎರಡು ಕಂಪ್ಯೂಟರ್ ಇದ್ದವು. ಮುಂದಿನ ಕೋಣೆಯದು ಪತ್ರವ್ಯವಹಾರಕ್ಕೆ. ಒಳಕೋಣೆಯದರಲ್ಲಿ ಬಂದ ಹೆಣ್ಣುಮಕ್ಕಳ ವಿವರ: ಯಾರು, ಏನಾಯಿತು, ಈಗ ಎಲ್ಲಿದ್ದಾರೆ. ಅಷ್ಟರಲ್ಲಿ ನಮಗೆ ಹಣ ಕೊಡುತ್ತಿದ್ದ ಸಂಸ್ಥೆಯವರು ಇನ್ನು ಮೇಲೆ ವರದಿಯೆಲ್ಲ ಇ-ಮೇಲ್‌ನಲ್ಲೇ ಬರಬೇಕು ಎಂದು ಬರೆದರು. ಊರಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಫೋನಿನ ತಂತಿಗೆ ಮೋಡೆಮ್ ಹಚ್ಚಿದರೆ ಇಂಟರ್‌ನೆಟ್ ಸಿಗುತ್ತಿತ್ತು. ಎರಡೂ ಕಂಪ್ಯೂಟರಿಗೆ ಅದನ್ನು ಹಂಚಬೇಕು, ಇರುವ ಒಂದೇ ಪ್ರಿಂಟರನ್ನು ಎರಡರಿಂದಲೂ ಬಳಸಬೇಕು, ಹೊರಗಿನವರು ಒಳಗೆ ಇಣುಕಬಾರದು. ಇಷ್ಟಕ್ಕೆ ಯಾವ ಸಾಮಾನು ಕೊಳ್ಳಬೇಕು ಎಂಬುದು ಕಮಿಟಿಯ ಮುಂದೆ ಬಂತು.

ಮೊದಲು ಹುಬ್ಬಳ್ಳಿಯಿಂದ ಒಂದು ಕಂಪನಿಯವರು ಬಂದರು. ಟೈ ಕಟ್ಟಿದ್ದ ಆ ಮನುಷ್ಯ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಎಂಬ ಪೆಟ್ಟಿಗೆಯ ಚಿತ್ರ ತೋರಿಸಿದ. ಅದರ ಬೆಲೆಯಲ್ಲಿ ಕೇಂದ್ರದ ಒಂದು ವರ್ಷದ ಜೋಳ, ಬೇಳೆ, ಎಣ್ಣೆ ಬರುತ್ತಿತ್ತು. ಮೇಲೆ ವರ್ಷವರ್ಷವೂ ಕಟ್ಟುವುದು ಬೇರೆ. ಕೆಟ್ಟರೆ ಯಾರು ಬರುತ್ತಾರೆ ಎಂದು ಮೆಹರಾಜ ಕೇಳಿದಳು. ಪೆಟ್ಟಿಗೆಯನ್ನು ಬೆಂಗಳೂರಿಗೆ ಕಳಿಸಬೇಕು ಎಂದ. ಅಲ್ಲಿಯತನಕ ನಾವೇನು ಮಾಡೋಣ ಎಂದಳು. ಅವನು ಇನ್ನೊಂದು ಚಿತ್ರ ತೋರಿಸಿದ. ನಾವು ಚಹಾ ಕುಡಿಸಿ ಕಳಿಸಿದೆವು.

ಎರಡನೆಯದು ತಾನಾಗಿಯೇ ಬಂತು. ಮಡಿವಾಳಪ್ಪನವರ ಅಕ್ಕನ ಮಗ ಅನೀಲಕುಮಾರನದು ವಿಜಾಪುರದಲ್ಲಿ ಕಂಪ್ಯೂಟರ್ ಅಂಗಡಿ. ಅವನು ಎರಡು ಕೊಂಬಿನ ಒಂದು ವೈರ್‌ಲೆಸ್ ಡಬ್ಬಿಯನ್ನು ಕೇಂದ್ರಕ್ಕೆ ದಾನವಾಗಿ ಕೊಟ್ಟ. ತಂತಿ ಬೇಡ, ಗೋಡೆ ಕೊರೆಯುವುದು ಬೇಡ, ಗಾಳಿಯಲ್ಲೇ ಎಲ್ಲ ಹೋಗುತ್ತದೆ. ಮೆಹರಾಜ ಅವನನ್ನೂ ಬಿಡಲಿಲ್ಲ. ಗಾಳಿ ನಮ್ಮ ಕಾಂಪೌಂಡಿಗೇ ನಿಲ್ಲುತ್ತದೆಯೇ ಎಂದು ಕೇಳಿದಳು. ಇಲ್ಲ, ಅಕ್ಕಪಕ್ಕದ ಮನೆಗೂ ಹೋಗುತ್ತದೆ, ಆದರೆ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಸಿಗುವುದಿಲ್ಲ ಎಂದ ಅನೀಲಕುಮಾರ. ಅವನು ಹೇಳಿದ್ದು ಸುಳ್ಳೇನಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ತೆಗೆಸಿ ಹೊಸದು ಹಾಕಿಸಿಕೊಂಡು ಮೆಹರಾಜಳೂ ಒಪ್ಪಿದಳು. ವಯಸ್ಸಾದವರಿಗೂ ನೆನಪಿರಲಿ ಎಂದು ಅಧ್ಯಕ್ಷರು ಹಟ ಹಿಡಿದಿದ್ದರಿಂದ, ಕೇಂದ್ರದ ಹೆಸರು, ಮುಂದೆ ಫೋನ್ ನಂಬರು, ಅದೇ ಪಾಸ್‌ವರ್ಡ್ ಆಯಿತು. ಡಬ್ಬಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಪೇಢೆ ಹಂಚಿದೆವು.

ಇಲ್ಲಿ ನಮ್ಮ ಊರಿನ ಒಂದು ಮಾತು ಹೇಳಬೇಕು. ಸಂಜೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದರೆ ಇಲ್ಲ ಅನ್ನುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಹೆಪ್ಪು ಕೊಡುತ್ತಾರೆ. ಒಂದು ಚಮಚ ಮೊಸರು ಕೊಟ್ಟರೆ ನಮ್ಮ ಗಡಿಗೆಯೇನೂ ಬರಿದಾಗುವುದಿಲ್ಲ, ಅವರ ಮನೆಯಲ್ಲೂ ಹಾಲು ಹೆಪ್ಪುಗಟ್ಟುತ್ತದೆ. ಕೊಡದವಳ ಮನೆಯ ಹೈನು ಕೆಡುತ್ತದೆ ಎಂದು ನಮ್ಮ ರೇವವ್ವ ಗಟ್ಟಿಯಾಗಿ ನಂಬಿದ್ದಳು.

ನಮ್ಮ ಕೇಂದ್ರದ ಪಕ್ಕದಲ್ಲಿ ಸಂಗಮೇಶನ ಝೆರಾಕ್ಸ್ ಅಂಗಡಿ. ಅವನ ಹೆಂಡತಿ ಒಂದು ಸಂಜೆ ಹೆಪ್ಪಿಗೆ ಬಂದವಳು, ನಿಮ್ಮಲ್ಲಿ ಇಂಟರ್‌ನೆಟ್ಟಿನದು ಏನೋ ಶಬ್ದ ಐತಂತಲ್ಲ, ಅದನ್ನೂ ಹೇಳು ಎಂದಳು. ರೇವವ್ವನಿಗೆ ಅದು ಬಾಯಿಪಾಠವಾಗಿತ್ತು. ಅಧ್ಯಕ್ಷರು ಬಂದಾಗಲೆಲ್ಲ ಮರೆತು, ಗಟ್ಟಿಯಾಗಿ ಕೇಳಿ ಹೇಳಿಸಿಕೊಳ್ಳುತ್ತಿದ್ದರಲ್ಲ. ಬಟ್ಟಲಿಗೆ ಮೊಸರು ಹಾಕಿ, ಪಾಸ್‌ವರ್ಡನ್ನೂ ಹೇಳಿ ಕಳಿಸಿದಳು. ಸಂಗಮೇಶನ ಮನೆಯಿಂದ ಅದು ಎದುರಿನ ಔಷಧ ಅಂಗಡಿಗೆ ಹೋಯಿತು, ಅಲ್ಲಿಂದ ಮಹಡಿಯ ಮೇಲಿನ ಎಲ್‌ಐಸಿ ಏಜೆಂಟನಿಗೆ. ಕೇಳಿದವರಿಗೆಲ್ಲ ಕೊಟ್ಟರು, ಯಾರೂ ಕದಿಯಲಿಲ್ಲ.

ಮೆಹರಾಜಳಿಗೆ ಇದು ಗೊತ್ತಾದದ್ದು ಝೆರಾಕ್ಸ್ ಮಾಡಿಸಲು ಹೋದಾಗ. ಸಂಗಮೇಶ ಹೊಸದಾಗಿ ತಂದ ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ ನಮ್ಮ ಪ್ರಿಂಟರಿನ ಹೆಸರು ಕಂಡಿತು. ಅದರ ಕೆಳಗೆ ನಮ್ಮ ಒಳಕೋಣೆಯ ಕಂಪ್ಯೂಟರಿನ ಹೆಸರು. ಎರಡು ಕಂಪ್ಯೂಟರುಗಳೂ ಒಂದರದೊಂದು ಫೈಲು ನೋಡಲಿ ಎಂದು ಅನೀಲಕುಮಾರ ತೆರೆದಿಟ್ಟುಹೋಗಿದ್ದ ಫೋಲ್ಡರು ಅದು. ಒಂದೇ ಜಾಲದೊಳಗೆ ಬಂದವರಿಗೆಲ್ಲ ಅದು ತೆರೆದಿರುತ್ತಿತ್ತು. ಮೆಹರಾಜ ಸಂಗಮೇಶನನ್ನು ಸರಿಸಿ ತಾನೇ ಒತ್ತಿದಳು. ಸುನಂದಾಳ ಹೆಸರು, ಪಕ್ಕದಲ್ಲಿ ಹೊರ್ತಿ ಎಂಬ ಊರು, ಅವಳು ಹೊಲಿಗೆ ಕೆಲಸಕ್ಕಿದ್ದ ಮನೆಯವರ ಹೆಸರು. ಎಲ್ಲವೂ ಆ ಪರದೆಯ ಮೇಲೆ ಬಂತು.

ಸುನಂದಾ ಯಾರು ಎಂದು ಹೇಳುತ್ತೇನೆ. ಎಡಗೈ ಮುರಿಸಿಕೊಂಡು, ಹೆಗಲ ಮೇಲೆ ಮಗು ಹೊತ್ತು ನಮ್ಮಲ್ಲಿಗೆ ಬಂದಿದ್ದವಳು. ಮುಂದಿನ ಸಲ ಕೊಂದೇ ಬಿಡುತ್ತೇನೆ ಎಂದು ಗಂಡ ಓಣಿಯವರ ಮುಂದೆಯೇ ಹೇಳಿದ್ದ. ಅದನ್ನು ಕೇಳಿದವರೆಲ್ಲ ಅವನು ಸಿಟ್ಟಿನ ಮನುಷ್ಯ, ಮನಸ್ಸು ಒಳ್ಳೆಯದು ಎಂದು ಅವಳಿಗೇ ಬುದ್ಧಿ ಹೇಳಿದ್ದರು. ಎಂಥ ಒಳ್ಳೆಯ ಮನಸ್ಸೋ. ಆ ಗಂಡನಿಗೆ ಟೆಂಪೊ ಇತ್ತು. ಅವನು ದಿನಾ ಟೆಂಪೊ ನಿಲ್ಲಿಸಿ ಬಾಡಿಗೆ ಕಾಯುತ್ತಿದ್ದದ್ದು ಸಂಗಮೇಶನ ಅಂಗಡಿಯ ಮುಂದೆಯೇ.

ತಾನು ಕ್ರಿಕೆಟ್ ಸ್ಕೋರು ಬಿಟ್ಟು ಬೇರೇನೂ ನೋಡಿಲ್ಲ ಎಂದು ಸಂಗಮೇಶ ಆಣೆ ಮಾಡಿದ. ಇದ್ದರೂ ಇರಬಹುದು. ಆದರೆ ಆ ಲ್ಯಾಪ್‌ಟಾಪಿನ ಮುಂದೆ ಬಂದು ಕೂತು ಎದ್ದವರು ಎಷ್ಟೋ ಜನ. ಮೆಹರಾಜ ವಾದ ಮಾಡುತ್ತ ನಿಲ್ಲಲಿಲ್ಲ. ಕೇಂದ್ರಕ್ಕೆ ಬಂದು ಡಬ್ಬಿಯ ಪ್ಲಗ್ಗು ಕಿತ್ತಳು. ಹೊರ್ತಿಗೆ ಫೋನ್ ಮಾಡಿದಳು. ಬ್ಯಾಗು ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದಳು. ಮರುದಿನ ತಿರುಗಿ ಬಂದಾಗ ಸುನಂದಾ ಮಗುವಿನೊಂದಿಗೆ ಬೇರೆ ಊರಿನಲ್ಲಿದ್ದಳು. ಯಾವ ಊರು ಎಂದು ಮೆಹರಾಜ ಯಾವ ಕಂಪ್ಯೂಟರಿಗೂ ಹಾಕಲಿಲ್ಲ.

ತುರ್ತಾಗಿ ಕಮಿಟಿ ಸೇರಿತು. ಮಡಿವಾಳಪ್ಪನವರ ಮುಖ ಸಣ್ಣದಾಗಿತ್ತು. ತಪ್ಪು ರೇವವ್ವನದು, ಅವಳನ್ನು ಬಿಡಿಸಿ, ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಎಂಬುದು ಅವರ ತೀರ್ಮಾನ. ರೇವವ್ವ ಬಾಗಿಲ ಬಳಿ ನಿಂತು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು. ಮೆಹರಾಜ ಎದ್ದು ನಿಂತಳು. ಅವಳು ಎದ್ದ ರೀತಿ ನೋಡಿಯೇ ಇವತ್ತು ಗಲಾಟೆಯಾಗುತ್ತದೆ ಎಂದು ನನಗೆ ಗೊತ್ತಾಯಿತು, ಖುಷಿಯೂ ಆಯಿತು.

ರೇವವ್ವನನ್ನು ಬಿಡಿಸುವುದಾದರೆ ಮೊದಲು ಅಧ್ಯಕ್ಷರನ್ನು ಬಿಡಿಸಬೇಕಾಗುತ್ತದೆ ಎಂದಳು. ಔಷಧ ಅಂಗಡಿಯವನಿಗೆ ಪಾಸ್‌ವರ್ಡ್ ಸರಿಯಾಗಿ ಹತ್ತದಿದ್ದಾಗ ಅವನು ಫೋನ್ ಮಾಡಿ ಕೇಳಿದ್ದು ಮಡಿವಾಳಪ್ಪನವರನ್ನೇ, ಅವರು ಪಾಪ, ಅಂಕಿ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದರು.

“ಮಂದಿ ಬಂದು ಕೇಳಿದ್ರ ಹೆಂಗವಾ ಇಲ್ಲ ಅನ್ನೂದು?” ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅವರಿಗೆ ಅದು ತಿಳಿದಿರಲಿಲ್ಲ.

“ಅದಕ್ಕ ಹೇಳಾಕತ್ತೇನ್ರಿ ಸಾಹೇಬ್ರ” ಎಂದಳು ಮೆಹರಾಜ. “ನಮ್ಮ ಮಂದಿಗೆ ಇಲ್ಲ ಅನ್ನಾಕ ಬರೂದಿಲ್ಲ. ಹೊಸಾ ಪಾಸ್‌ವರ್ಡ್ ಹಾಕಿದ್ರ ಅದೂ ನಾಳೆ ಓಣಿಗೆ ಹೋಗತೈತಿ. ಬಾಯಾಗ ಕೊಡಾಕ ಬರೂವಂಥಾದ್ದ ಇಲ್ಲಿ ಇರಬಾರದು. ವೈರ್ ಆದ್ರ, ಕೊಡಬೇಕಂದ್ರ ಗ್ವಾಡಿ ಒಡೀಬೇಕು.”

ಅವಳ ಲೆಕ್ಕಾಚಾರ ಸರಳವಾಗಿತ್ತು. ಗಾಳಿಯ ಡಬ್ಬಿ ವಾಪಸು. ಅದರ ಬದಲು ಸ್ವಿಚ್ ಎಂಬ ಸಣ್ಣ ಪೆಟ್ಟಿಗೆ. ಅದಕ್ಕೆ ನಾಲ್ಕೈದು ತೂತು, ತಂತಿ ಸಿಕ್ಕಿಸಿದ ಕಂಪ್ಯೂಟರಿಗೆ ಮಾತ್ರ ಸಂಪರ್ಕ. ಬೆಲೆ ಹುಬ್ಬಳ್ಳಿಯವರ ಪೆಟ್ಟಿಗೆಯ ಮುಂದೆ ಏನೂ ಅಲ್ಲ, ಕೆಟ್ಟರೆ ವಿಜಾಪುರದಲ್ಲೇ ಇನ್ನೊಂದು ಸಿಗುತ್ತದೆ. ಇಂಟರ್‌ನೆಟ್ಟು, ಪ್ರಿಂಟರು ಎರಡೂ ಮುಂದಿನ ಕೋಣೆಗೆ, ಜೊತೆಗೆ ಹೆಣ್ಣುಮಕ್ಕಳು ಟೈಪಿಂಗ್ ಕಲಿಯಲು ಒಂದು ಹಳೆಯ ಕಂಪ್ಯೂಟರು. ವಿವರಗಳಿರುವ ಒಳಕೋಣೆಯ ಕಂಪ್ಯೂಟರಿಗೆ ಯಾವ ತಂತಿಯೂ ಇಲ್ಲ. ಅದಕ್ಕೆ ಕರೆಂಟು ಬಿಟ್ಟು ಏನೂ ಬೇಡ. ಆ ಕೋಣೆಗೆ ಕೀಲಿ.

ಎಲ್ಲರೂ ಗಾಳಿಯಲ್ಲಿ ಓಡಿಸುವಾಗ ನಾವು ಹಿಂದಕ್ಕೆ ಹೋಗುವುದೇ ಎಂದು ಒಬ್ಬರು ಮೂಗು ಮುರಿದರು. ಒಳಗಿನದನ್ನು ಪ್ರಿಂಟ್ ಮಾಡಲು ದಿನಾ ಎದ್ದು ಓಡಾಡಬೇಕಲ್ಲ ಎಂದು ಇನ್ನೊಬ್ಬರು. ಓಡಾಡುವವಳು ನಾನು, ನಿಮ್ಮ ಕಾಲೇಕೆ ನೋಯುತ್ತವೆ ಎಂದಳು ಮೆಹರಾಜ. ದಾನ ಕೊಟ್ಟದ್ದನ್ನು ತಿರುಗಿಸುವುದು ನಮ್ಮ ಮನೆತನಕ್ಕೆ ಅವಮಾನ ಎಂದು ಕಡೆಗೆ ಮಡಿವಾಳಪ್ಪನವರು ಮೇಜು ಕುಟ್ಟಿದರು. ಆಗ ನನಗೂ ತಡೆಯಲಾಗಲಿಲ್ಲ. ಸುನಂದಾ ಸತ್ತಿದ್ದರೆ ಯಾರ ಮನೆತನಕ್ಕೆ ಅವಮಾನವಾಗುತ್ತಿತ್ತು ಎಂದು ಕೇಳಿದೆ. ಕೈ ಎತ್ತಿಸಿದರು. ಒಂದೇ ಕೈ ಹೆಚ್ಚಾಗಿ ತಂತಿ ಗೆದ್ದಿತು.

ಡಬ್ಬಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮೆಹರಾಜ ವಿಜಾಪುರಕ್ಕೆ ಹೋದಳು. ಅನೀಲಕುಮಾರನ ಕೌಂಟರಿನ ಮೇಲೆ ಅದನ್ನಿಟ್ಟು, ಅದೇ ಅಂಗಡಿಯಲ್ಲಿ ಚೌಕಾಶಿ ಮಾಡಿ ಸ್ವಿಚ್ಚು, ತಂತಿ, ಅದನ್ನು ಗೋಡೆಗೆ ಹಿಡಿಸುವ ಮೊಳೆಪಟ್ಟಿ ಕೊಂಡಳು. ಅವನಿಗೆ ಅವಮಾನವೇನೂ ಆದಂತೆ ಕಾಣಲಿಲ್ಲ, ಬಿಲ್ಲಿನಲ್ಲಿ ಒಂದಿಷ್ಟು ಬಿಟ್ಟೇ ಕೊಟ್ಟ. ಮರುದಿನ ಸ್ಟೂಲು ಹತ್ತಿ ಗೋಡೆಯುದ್ದಕ್ಕೂ ತಂತಿ ಹೊಡೆದಳು. ರೇವವ್ವ ಸ್ಟೂಲು ಹಿಡಿದು ನಿಂತಿದ್ದಳು. ಮೊದಲ ಮೂಲೆಯಲ್ಲಿ ತಂತಿಯನ್ನು ಗೇಣುದ್ದ ಕಡಿಮೆ ಕತ್ತರಿಸಿ, ತನ್ನನ್ನೇ ಬೈದುಕೊಂಡು, ಎಲ್ಲ ಬಿಚ್ಚಿ ಮತ್ತೆ ಹೊಡೆದಳು.

ಓಣಿ ಮುನಿಸಿಕೊಂಡಿತು. ಬಿಟ್ಟಿ ಇಂಟರ್‌ನೆಟ್ಟಿನ ರುಚಿ ಹತ್ತಿದ್ದವರಿಗೆ ಇದ್ದಕ್ಕಿದ್ದಂತೆ ನಿಂತರೆ ಸಿಟ್ಟು ಬರದೆ ಇರುತ್ತದೆಯೇ. ಸಂಗಮೇಶನ ಹೆಂಡತಿ ಹೆಪ್ಪಿಗೆ ಬರುವುದು ಬಿಟ್ಟಳು. ಕೇಂದ್ರದ ಕಾರ್ಯಕ್ರಮಕ್ಕೆ ಕುರ್ಚಿ ಕೇಳಿದರೆ ಔಷಧ ಅಂಗಡಿಯವನು ಮುರಿದಿವೆ ಎಂದ. ಸಾಬರ ಹುಡುಗಿಗೆ ಇಷ್ಟು ಸೊಕ್ಕೇ ಎಂದೂ ಕೆಲವರು ಅಂದರು, ನನ್ನ ಕಿವಿಗೆ ಬೀಳುವಂತೆಯೇ. ಇತ್ತ ಮೋದಿನಸಾಬನನ್ನು ಅವನ ಬೀಗರು ಹುಡುಕಿಕೊಂಡು ಬಂದು, ಕಂಡವರ ಹೆಣ್ಣುಮಕ್ಕಳ ಉಸಾಬರಿ ನಿನ್ನ ಮಗಳಿಗೇಕೆ ಎಂದರಂತೆ. ಮೋದಿನಸಾಬ ಮೋಟಾರು ಸುತ್ತುತ್ತಲೇ, ಅದನ್ನು ಅವಳನ್ನೇ ಕೇಳಿ ಎಂದನಂತೆ. ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಸುನಂದಾಳ ಗಂಡ ಕೇಂದ್ರಕ್ಕೆ ಬಂದ. ಅವನು ಹೊರ್ತಿಗೆ ಹೋಗಿ ಬಂದಿದ್ದ. ಅಂದರೆ ಅಂಗಡಿಯ ಪರದೆಯನ್ನು ಯಾರೋ ನೋಡಿ ಅವನ ಕಿವಿಗೆ ಹಾಕಿಯೇ ಇದ್ದರು. ಹೊಲಿಗೆ ಮನೆಯವರು ಸುನಂದಾ ಹೋಗಿ ಬಹಳ ದಿನವಾಯಿತು ಎಂದು ಕಳಿಸಿದ್ದರು. ಅವನು ಒಬ್ಬನೇ ಬಂದಿರಲಿಲ್ಲ. ಊರಿನ ಇಬ್ಬರು ಹಿರಿಯರು ಜೊತೆಗಿದ್ದರು, ಅವರ ಹಿಂದೆ ನಮ್ಮ ಮಡಿವಾಳಪ್ಪನವರೂ. ಆ ಹಿರಿಯರು ಅವರ ಹಳೆಯ ಕಕ್ಷಿದಾರರು.

ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮಾತು ಬೆಣ್ಣೆಯಂತಿತ್ತು. ಮಗುವಿನ ಮುಖ ನೋಡಬೇಕು, ತಪ್ಪಾಗಿದೆ, ಇನ್ನು ಕೈ ಎತ್ತುವುದಿಲ್ಲ ಎಂದ. ಹಿರಿಯರು ತಲೆಯಾಡಿಸಿದರು. ಮಡಿವಾಳಪ್ಪನವರು ಮುಂದಿನ ಕೋಣೆಯ ಕಂಪ್ಯೂಟರನ್ನು ತೋರಿಸಿ, ಅದರಲ್ಲಿ ನೋಡಿ ಹೇಳಿಬಿಡು ಎಂದರು. ಮೆಹರಾಜ ಪರದೆಯನ್ನು ಅವರ ಕಡೆಗೇ ತಿರುಗಿಸಿ, ಬೇಕಾದ್ದು ನೋಡಿಕೊಳ್ಳಿ ಎಂದಳು. ಅದರಲ್ಲಿ ಜೋಳದ ಬಿಲ್ಲು, ವರದಿ, ಟೈಪಿಂಗ್ ಪಾಠ ಬಿಟ್ಟು ಏನಿದ್ದೀತು. ಒಳಕೋಣೆಯದನ್ನು ತೆಗೆ ಎಂದರು. ಅದರಲ್ಲೂ ಇಲ್ಲ, ಆದರೆ ಬೇರೆಯವರದು ಇದೆ, ಆದ್ದರಿಂದ ತೆಗೆಯುವುದಿಲ್ಲ ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಒಂದು ಸುಳ್ಳು ಎಲ್ಲರಿಗೂ ಅನುಕೂಲ. ಕೊಡಲು ಮನಸ್ಸಿಲ್ಲದ್ದನ್ನು ಖಾಲಿಯಾಗಿದೆ ಎನ್ನುತ್ತೇವೆ, ಹೇಳಲು ಮನಸ್ಸಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇವೆ. ಕೇಳಿದವರೂ ಅದು ಸುಳ್ಳೆಂದು ತಿಳಿದೇ ಮರ್ಯಾದೆಯಿಂದ ಎದ್ದು ಹೋಗುತ್ತಾರೆ. ಹಿರಿಯರಲ್ಲಿ ಒಬ್ಬರು ಆ ದಾರಿಯನ್ನು ತೋರಿಸಿಯೇ ಬಿಟ್ಟರು. “ತಂಗಿ, ಗೊತ್ತಿಲ್ಲ ಅಂತಾದ್ರೂ ಅನ್ನು. ನಾವು ಹೋಗತೇವಿ” ಎಂದರು. ಮಡಿವಾಳಪ್ಪನವರು ಹಿಂದಿನಿಂದ ಅವಳಿಗೆ ಕಣ್ಣು ಸನ್ನೆ ಮಾಡುತ್ತಿದ್ದರು. ನಾನೂ ಮನಸ್ಸಿನಲ್ಲೇ, ಹೇಳಿಬಿಡು ಮಾರಾಯ್ತಿ, ಇವರು ತೊಲಗಲಿ ಎಂದುಕೊಳ್ಳುತ್ತಿದ್ದೆ.

ಮೆಹರಾಜ ಆ ಹಿರಿಯರನ್ನು ಬಿಟ್ಟು ಸುನಂದಾಳ ಗಂಡನನ್ನೇ ನೋಡಿದಳು.

“ಗೊತ್ತೈತಿ” ಎಂದಳು. “ಹೇಳಂಗಿಲ್ಲ.”

ಅವನ ಬೆಣ್ಣೆ ಮಾತು ಅಲ್ಲಿಗೆ ಮುಗಿಯಿತು. ಅವನು ಆಮೇಲೆ ಆಡಿದ್ದನ್ನು ನಾನಿಲ್ಲಿ ಬರೆಯಲಾರೆ. ಕುರ್ಚಿ ಒದ್ದು ಅವಳ ಮೇಲೆ ಬಂದ. ರೇವವ್ವ ಅಡುಗೆಮನೆಯಿಂದ ಕುದಿಯುವ ಬೇಳೆಯ ಪಾತ್ರೆ ಹಿಡಿದುಕೊಂಡೇ ಬಂದು ಇಬ್ಬರ ನಡುವೆ ನಿಂತಳು. ಸದ್ದು ಕೇಳಿ ಸಂಗಮೇಶ ಓಡಿಬಂದ. ಇಷ್ಟು ದಿನ ಮುನಿಸಿಕೊಂಡಿದ್ದವನೇ ಆ ಗಂಡನ ರಟ್ಟೆ ಹಿಡಿದು ಹೊರಗೆ ಎಳೆದ. ಇನ್ನು ಕೈ ಎತ್ತುವುದಿಲ್ಲ ಎಂದವನ ಕೈ ಹೇಗೆ ಏಳುತ್ತದೆ ಎಂಬುದನ್ನು ಹಿರಿಯರು ಕಣ್ಣಾರೆ ಕಂಡರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಡಿವಾಳಪ್ಪನವರು ಮಾತ್ರ ಉಳಿದರು. ಹಿರಿಯರ ಮುಂದೆ ನನ್ನ ಮಾತು ನಡೆಯಲಿಲ್ಲ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ಮೆಹರಾಜ ಮರುದಿನ ದಿನದ ಹೊತ್ತಿಗೇ ಬಂದು ಬಾಗಿಲು ತೆಗೆದು ಕಸ ಹೊಡೆದಳು. ಅದರ ಮರುದಿನವೂ ಬಂದಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮೆಹರಾಜ ಆಮೇಲೆ ಎಷ್ಟೋ ವರ್ಷ ಅಲ್ಲೇ ಕೆಲಸ ಮಾಡಿದಳು. ಇಂಡಿ, ಸಿಂದಗಿ ಕಡೆಯ ಸಣ್ಣ ಸಂಸ್ಥೆಗಳವರು ಯಾವ ಪೆಟ್ಟಿಗೆ ಕೊಳ್ಳಬೇಕು ಎಂದು ಕೇಳಿಕೊಂಡು ಬರುತ್ತಿದ್ದರು. ಅವಳು ಪೆಟ್ಟಿಗೆಯ ಮಾತು ಆಡುವ ಮೊದಲು, ನಿಮ್ಮಲ್ಲಿ ಯಾರು ಯಾರಿಗೆ ‘ಇಲ್ಲ’ ಅನ್ನಲಾರರು ಎಂದು ಕೇಳುತ್ತಿದ್ದಳು. ಕೆಲವರು ಅದಕ್ಕೇ ಸಿಟ್ಟಾಗಿ ಹೋದರು.

ಸುನಂದಾ ಬದುಕಿದ್ದಾಳೆ. ಅವಳ ಮಗು ಸಾಲೆಗೆ ಹೋಗುತ್ತದೆ ಎಂದು ಮೆಹರಾಜ ಒಮ್ಮೆ ಹೇಳಿದಳು, ಅಷ್ಟೇ. ನಾನು ಕಮಿಟಿಯವಳು, ಅವಳಿಗೆ ಕೆಲಸ ಕೊಡಿಸಿದವಳು, ಸಭೆಯಲ್ಲಿ ಅವಳ ಪರ ಕೈ ಎತ್ತಿದವಳು. ಆ ಸಲಿಗೆಯಿಂದ, ಮೆತ್ತಗೆ, ಇಬ್ಬರೇ ಇದ್ದಾಗ, ಯಾವ ಊರಿನಲ್ಲಿಟ್ಟೆ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, “ನಿಮಗೂ ಹೇಳಂಗಿಲ್ರಿ, ಅಕ್ಕೋರ” ಎಂದಳು. ಎರಡು ದಿನ ನಾನು ಅವಳೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ನಮ್ಮ ಸಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬಳು ಪಕ್ಕಕ್ಕೆ ಬಂದು ಕೂತು, ಸುನಂದಾಳ ಗಂಡ ತನ್ನ ದೂರದ ಸಂಬಂಧಿ, ಪಾಪ ಬಹಳ ಸೊರಗಿದ್ದಾನೆ, ಅವಳು ಎಲ್ಲಿದ್ದಾಳೆಂದು ನಿಮಗೆ ಗೊತ್ತಿರಬೇಕಲ್ಲ ಎಂದು ನನ್ನ ತಟ್ಟೆಗೆ ಕರದಂಟು ಹಾಕಿದಳು. ನಾನು ಅವಳ ಮುಖ ನೋಡಿದೆ. ಇಪ್ಪತ್ತು ವರ್ಷದ ಗೆಳತಿ. ನನಗೆ ಗೊತ್ತಿದ್ದಿದ್ದರೆ ಹೇಳಿಬಿಡುತ್ತಿದ್ದೆ.